ಹೊಸ ಮಂದಿ

ಯಾರದೋ ಬಾಯಿಗೆ ಸೇರಬೇಕಾದ ದವಡೆಹಲ್ಲೊಂದು ಗುರುನಾಥನ ಎಡಗೈ ಹೆಬ್ಬೆರಳಿನ ಮೇಲೆ ಕೂತಿತ್ತು. ಬೈಲಹೊಂಗಲದ ಮಾರ್ಕೆಟ್ ಯಾರ್ಡಿನ ಹಿಂದಿನ ಗಲ್ಲಿಯಲ್ಲಿ ಎರಡು ಕೋಣೆಯ ಅವನ ಲ್ಯಾಬು. ಸುತ್ತಲಿನ ಹಲ್ಲಿನ ಡಾಕ್ಟರರು ಅಳತೆ ತೆಗೆದು ಕಳಿಸಿದ ಅಚ್ಚುಗಳಿಗೆ ಅವನು ಹಲ್ಲು ಮಾಡಿಕೊಡುತ್ತಿದ್ದ. ರವಿವಾರ ಲ್ಯಾಬು ತೆರೆಯುವುದಿಲ್ಲ. ಆದರೆ ಸವದತ್ತಿಯ ಡಾಕ್ಟರೊಬ್ಬರು ಸೋಮವಾರ ಮುಂಜಾನೆಗೇ ಬೇಕೆಂದಿದ್ದ ಈ ಹಲ್ಲನ್ನು ನೆಪ ಮಾಡಿಕೊಂಡು ಅವನು ಎಂಟಕ್ಕೇ ಬಂದು ಕೂತಿದ್ದ. ಹಲ್ಲು ನಿನ್ನೆಯೇ ಮುಗಿದಿತ್ತು. ತುದಿ ಬಾಗಿದ ಸೂಜಿಯಂಥ ಪ್ರೋಬನ್ನು ಹಲ್ಲೂ ಅಚ್ಚೂ ಕೂಡುವ ಗೆರೆಯ ಮೇಲೆ ನಾಲ್ಕನೆಯ ಸಲ ಆಡಿಸಿದ. ಅಂಚು ಸರಿಯಾಗಿ ಕೂತಿದ್ದರೆ ಪ್ರೋಬು ಎಣ್ಣೆಯ ಮೇಲೆ ಜಾರಿದಂತೆ ಜಾರುತ್ತದೆ; ಕೂತಿರದಿದ್ದರೆ ಕೂದಲೆಳೆಯಷ್ಟು ಜಾಗದಲ್ಲೂ ಗಕ್ಕನೆ ಸಿಕ್ಕಿಕೊಳ್ಳುತ್ತದೆ. ಎಲ್ಲಿಯೂ ಸಿಕ್ಕಲಿಲ್ಲ. "ಮಾರ್ಜಿನ್ ಕುಂತೈತಿ," ಎಂದು ಬಾಯಿ ರೂಢಿಯಂತೆ ತಾನೇ ಅಂದಿತು. ಅಂದದ್ದೇ ತಡ, ಪ್ರೋಬನ್ನು ಕೆಳಗಿಟ್ಟ. ಆ ಮಾತನ್ನೇ ತಿರುವಿ ಅವನು ಗುರುವಾರ ಬರೆದಿದ್ದು. ಬೇರೆ ಮಾತು ಸಿಗಲಿಲ್ಲವೇ ತನಗೆ?

ಸಾಯಂಕಾಲ ಐದಕ್ಕೆ ಹೊಸ ಮಂದಿ ಬರುವವರಿದ್ದರು. ಅವನೂ ಕಿತ್ತೂರಿನ ಬಸಯ್ಯನವರೂ ಅವರನ್ನು ಹಾಗೆಯೇ ಕರೆಯುತ್ತಿದ್ದರು. ಹೆಬ್ಬೆರಳಿನ ಎತ್ತರದ ಸೈನಿಕರು. ಬಿಡಿ ಬಿಡಿ ಕೈಕಾಲು ಅಂಟಿಸಿ, ಬಣ್ಣ ಬಳಿದು, ಮೇಜಿನ ಮೇಲೆ ಎದುರುಬದುರು ನಿಲ್ಲಿಸಿ, ದಾಳ ಉರುಳಿಸಿ, ಪಟ್ಟಿಯಿಂದ ದೂರ ಅಳೆದು ಯುದ್ಧ ಆಡುವುದು. ಇಂಥವನ್ನು ಮಾಡುವವರು ಲೋಕದಲ್ಲಿ ನೂರಾರು ಮಂದಿ ಇದ್ದರೂ ಇವರಿಬ್ಬರ ಜೀವವೆಲ್ಲ ಪುಣೆಯ ಒಂದು ಸಣ್ಣ ಕಾರ್ಖಾನೆಯ ಮೇಲೆ. ಅವರು ಹಳೆಯ ದಖ್ಖನಿನ ದಂಡುಗಳನ್ನಷ್ಟೇ ಮಾಡುತ್ತಿದ್ದರು. ತಿಂಗಳ ಮೊದಲ ರವಿವಾರ ಐದಕ್ಕೆ ಸರಿಯಾಗಿ ಹೊಸ ಕಟ್ಟನ್ನು ಫೋನಿನಲ್ಲಿ ತೋರಿಸುತ್ತಿದ್ದರು. ಅದಕ್ಕೂ ಹತ್ತು ದಿನ ಮೊದಲು, ಜನರ ಕುತೂಹಲ ಕೆರಳಿಸಲೆಂದು, ಒಂದು ನೆರಳಿನ ಚಿತ್ರ ಬಿಡುತ್ತಿದ್ದರು: ಕಪ್ಪು ಹಿನ್ನೆಲೆಯಲ್ಲಿ ಒಂದು ಕೋಡು, ಒಂದು ಮೊಣಕೈ, ಪಟಗದ ಒಂದು ತುದಿ. ಕನ್ನಡ ಮಾತಾಡುವ ನಲವತ್ತು ಆಟಗಾರರ ಫೋನಿನ ಗುಂಪಿನಲ್ಲಿ ಅದರ ಮೇಲೆ ದಿನಗಟ್ಟಲೆ ವಾದ ನಡೆಯುತ್ತಿತ್ತು. ಬಸಯ್ಯನವರು ಮಾತ್ರ ಆ ನೆರಳನ್ನು ಒಮ್ಮೆ ನೋಡಿ, "ಇದು ಒಂಟಿ ಅಲ್ಲ, ಎತ್ತು. ಒಂಟಿ ಕುತಗಿ ಇಷ್ಟು ತಗ್ಗಂಗಿಲ್ಲ," ಎನ್ನುತ್ತಿದ್ದರು, ಮತ್ತು ಎತ್ತೇ ಬರುತ್ತಿತ್ತು. ಬಂದ ಮಂದಿಯನ್ನು ಅವರು ಓದುತ್ತಿದ್ದ ಬಗೆ! ಇವ ಎಡಚ, ಕತ್ತಿಯ ಒರೆ ಯಾವ ಮಗ್ಗುಲಿಗಿದೆ ನೋಡು. ಇವನ ಕುದುರೆಗೆ ಬಲಗಾಲು ನೋವಿದೆ, ಮಾಡಿದವನು ಅದನ್ನೂ ಬಿಟ್ಟಿಲ್ಲ. ಆರು ವರ್ಷದಿಂದ ಗುರುನಾಥನಿಗೆ ಹೊಸ ಮಂದಿಗಿಂತ ಅವರನ್ನು ನೋಡುವ ಈ ಮುದುಕರನ್ನು ನೋಡುವುದೇ ಹೆಚ್ಚು ಇಷ್ಟವಾಗಿತ್ತು.

ಬಾಗಿಲಲ್ಲಿ ಸ್ಕೂಟಿ ನಿಂತಿತು. ಹೆಂಡತಿ ಸಂಘಮಿತ್ರಾ, ದವಾಖಾನೆಯ ಡ್ಯೂಟಿಗೆ ಹೊರಟವಳು, ನರ್ಸಿನ ಬಿಳಿ ಕೋಟಿನ ಮೇಲೆ ಸ್ಕಾರ್ಫು ಸುತ್ತಿಕೊಂಡೇ ಒಳಗೆ ಬಂದು ಊಟದ ಡಬ್ಬಿ ಇಟ್ಟಳು.

"ಇವತ್ತ ಕಿತ್ತೂರಿಗೆ ಹೋಗೂದಿಲ್ಲೇನ್ರಿ?"

"ನೋಡೂಣು. ಕೆಲಸ ಐತಿ."

ಅವಳು ಅವನ ಹೆಬ್ಬೆರಳಿನ ಮೇಲಿದ್ದ ಹಲ್ಲನ್ನು ನೋಡಿದಳು. "ಅದು ನಿನ್ನೇನ ಮುಗದಿತ್ತಲ್ಲ. ಪ್ರತಿ ರವಿವಾರ ಬಸ್ಸ್ ತಪ್ಪಿದ್ರ ಜೀವ ಹೋದಂಗ ಮಾಡ್ತೀರಿ. ಇವತ್ತ ಹೊಸಾವು ಬ್ಯಾರೆ ಬರೂ ದಿನ. ಆ ಮುದುಕರ ಜೋಡಿ ಜಗಳ ಮಾಡೀರೇನು?"

"ಜಗಳ ಏನಿಲ್ಲ."

"ಮತ್ತ ಮೂರ ದಿನದಿಂದ ಮಾರಿ ಯಾಕ ಹಿಂಗ ಮಾಡೀರಿ? ಏನರ ಆಗಿದ್ರ ಹೋಗಿ ಮಾತಾಡ್ರಿ. ಇಲ್ಲಿ ಕುಂತು ಮುಗದ ಹಲ್ಲ ತಿಕ್ಕಿದ್ರ ಏನ ಬರತೈತಿ?" ಎಂದವಳೇ ಉತ್ತರಕ್ಕೆ ಕಾಯದೆ ಹೊರಟುಹೋದಳು. ಅವಳ ಈ ಸ್ವಭಾವ ಅವನಿಗೆ ಗೊತ್ತಿತ್ತು. ಗಾಯದ ಪಟ್ಟಿಯನ್ನು ಒಂದೇ ಏಟಿಗೆ ಎಳೆದು ತೆಗೆಯುವವಳು. ಹನ್ನೆರಡೂವರೆಯ ಬಸ್ಸಿಗೆ ಅವನು ಹೊರಟ. ಹಲ್ಲನ್ನು ಡಬ್ಬಿಯಲ್ಲಿಟ್ಟು, ಪ್ರೋಬು, ಬ್ರಶ್ಶುಗಳ ಸಾಮಾನಿನ ಬಟ್ಟೆ ಸುತ್ತಿ ಚೀಲಕ್ಕೆ ಹಾಕಿಕೊಂಡ. ಊಟದ ಡಬ್ಬಿಯನ್ನು ಮರೆತು ಮೇಜಿನ ಮೇಲೆಯೇ ಬಿಟ್ಟದ್ದು ಬಸ್ಸು ಹತ್ತಿದ ಮೇಲೆ ನೆನಪಾಯಿತು.

ಬಸ್ಸಿನ ಕಿಟಕಿಗೆ ತಲೆ ಆನಿಸಿದರೆ ಗಾಜಿನ ನಡುಕ ಹಲ್ಲಿನವರೆಗೂ ಬರುತ್ತಿತ್ತು. ಕಬ್ಬು ಹೇರಿದ ಟ್ರ್ಯಾಕ್ಟರೊಂದು ದಾರಿ ಬಿಡದೆ ಮುಂದೆ ಮುಂದೆ ತೆವಳುತ್ತಿತ್ತು. ಗುಂಪಿನಲ್ಲಿ ತಿಂಗಳಿಗೊಂದು ಪಂದ್ಯ: ಕಳೆದ ಸಲ ಬಂದ ಮಂದಿಗೆ ಬಣ್ಣ ಬಳಿದು ಎಲ್ಲರೂ ಚಿತ್ರ ಕಳಿಸಬೇಕು, ಹೆಸರಿಲ್ಲದೆ ಬರೀ ಅಂಕಿ ಹಾಕಿ ತೋರಿಸುತ್ತಾರೆ, ಹೆಸರಿಲ್ಲದೆಯೇ ಎಲ್ಲರೂ ಅಭಿಪ್ರಾಯ ಬರೆಯುತ್ತಾರೆ. ಗುರುವಾರ ಊಟದ ಹೊತ್ತಿನಲ್ಲಿ ಬೆರಳು ಸರಿಸುತ್ತ ಅವನು ಏಳನೆಯದಕ್ಕೆ ಬಂದಿದ್ದ. ತುಬಾಕಿ ಹಿಡಿದ ಕಾಲಾಳು. ಕೆಂಪು ನಡುಕಟ್ಟು ಅಂಚು ದಾಟಿ ಅಂಗಿಯ ಮೇಲೆ ಹರಿದಿತ್ತು, ಒಂದು ಕಣ್ಣು ಕೆನ್ನೆಗೆ ಇಳಿದಿತ್ತು, ಮೀಸೆ ಬಾಯಿಯ ಒಳಗೇ ಹೋಗಿತ್ತು. ಮೊದಲು ನಗು ಬಂತು. ಆಮೇಲೆ ಚಿತ್ರದ ಕೆಳತುದಿಯಲ್ಲಿ ಮೇಜಿನ ಹಾಸು ಕಂಡಿತು. ಹಸಿರು ರೆಕ್ಸಿನ್ನು, ಮೂಲೆಯಲ್ಲಿ ಸಿಗರೇಟು ಸುಟ್ಟ ತೂತು. ಆ ತೂತಿನ ಪಕ್ಕದಲ್ಲಿ ಮೊಣಕೈ ಊರಿ ಅವನು ಆರು ವರ್ಷ ಕೂತಿದ್ದ. ಇದು ಬಸಯ್ಯನವರದು. ಆ ಅರಿವಿಗೂ ಅವನ ಬೆರಳಿಗೂ ನಡುವೆ ಎಷ್ಟು ಹೊತ್ತು ಕಳೆಯಿತು? ಒಂದು ತುತ್ತು ನುಂಗುವಷ್ಟು. ನುಂಗಿದ, ಬರೆದ: 'ಏಳನೆಯದು. ಮಾರ್ಜಿನ್ ಕೂತಿಲ್ಲ. ಕಣ್ಣು ಮುಚ್ಚಿಕೊಂಡು ಬಳಿದ ಹಾಗಿದೆ.' ಹನ್ನೊಂದು ನಗುವ ಮುಖಗಳು ಒಂದರ ಹಿಂದೊಂದು ಬಂದು ಅದರ ಕೆಳಗೆ ಸಾಲಾಗಿ ಕೂತವು. ಪ್ರತಿಯೊಂದು ಬಂದಾಗಲೂ ಅವನಿಗೆ ಸುಖವಾಯಿತು. ಅದನ್ನು ಈಗ ಸುಳ್ಳೆನ್ನುವಂತಿರಲಿಲ್ಲ. ಹನ್ನೊಂದು ಸಲ ಸುಖವಾಗಿತ್ತು.

ಯಾಕೆ ಬರೆದೆ ಎಂದು ಟ್ರ್ಯಾಕ್ಟರಿನ ಹಿಂದೆ ಕೇಳಿಕೊಂಡ, ಟ್ರ್ಯಾಕ್ಟರು ದಾಟಿದ ಮೇಲೂ ಕೇಳಿಕೊಂಡ. ಕಾರಣ ಗೊತ್ತಿತ್ತು, ಗೊತ್ತಿಲ್ಲದವನಂತೆ ಕೇಳುತ್ತಿದ್ದ. ಮೂರು ವಾರದ ಹಿಂದೆ ಅದೇ ಮೇಜಿನ ಮುಂದೆ ಬಸಯ್ಯನವರ ಹೆಂಡತಿ ಸುಂದರವ್ವನ ತಮ್ಮ ವೀರಪ್ಪ, ಮುರಗೋಡದವನು, ಬಂದು ಕೂತಿದ್ದ. ಮೇಜಿನ ತುಂಬ ತೊರಗಲ್ ಕೋಟೆ. ಬಸಯ್ಯನವರು ಸರ್ವೇ ಇಲಾಖೆಯಲ್ಲಿದ್ದಾಗ ಸರಪಳಿ ಹಿಡಿದು ಆ ಗುಡ್ಡವನ್ನೆಲ್ಲ ತುಳಿದವರು. ನಿವೃತ್ತಿಯ ಮೇಲೆ ಥರ್ಮಾಕೋಲು, ಪಿಓಪಿ, ಸೋಸಿದ ಮಣ್ಣು ಸೇರಿಸಿ ಗೋಡೆಯ ಒಂದೊಂದು ತಿರುವನ್ನೂ ಎಬ್ಬಿಸಿದ್ದರು. ವೀರಪ್ಪ ಕೋಟೆಯ ಬಾಗಿಲಲ್ಲಿದ್ದ ಕಾವಲುಗಾರನನ್ನು ಎತ್ತಿ ತಿರುಗಿಸಿ ನೋಡುತ್ತ, "ಛಲೋ ಮಾಡೀರಿ ಬಿಡ್ರಿ. ನೀವ ಬಳದಿದ್ದೇನು?" ಎಂದು ಗುರುನಾಥನನ್ನು ಕೇಳಿದ್ದ. ಹೌದೆಂದಾಗ, "ಬೈಲಹೊಂಗಲದಾಗ ಮನಿ ಯಾವ ಓಣ್ಯಾಗ ಬರತೈತ್ರಿ?" ಎಂದಿದ್ದ. ಆ ಪ್ರಶ್ನೆಯ ಒಳಗಿನ ಪ್ರಶ್ನೆ ಗುರುನಾಥನಿಗೆ ಶಾಲೆಯ ದಿನದಿಂದ ಗೊತ್ತು. ಓಣಿಯ ಹೆಸರು ಹೇಳಿದ. ಅದನ್ನು ಹೇಳಿದರೆ ಜಾತಿ ಬೇರೆ ಹೇಳಬೇಕಾಗಿರಲಿಲ್ಲ. ವೀರಪ್ಪ "ಹಾಂ ಹಾಂ" ಎಂದು ತಲೆಯಾಡಿಸಿ ಕಾವಲುಗಾರನನ್ನು ಮೆಲ್ಲಗೆ ಇಟ್ಟ, ಇಟ್ಟ ಮೇಲೆ ಎರಡು ಬೆರಳನ್ನು ಧೋತರದ ಅಂಚಿಗೆ ಒರೆಸಿಕೊಂಡ. ಅಷ್ಟೇ. ಬಣ್ಣ ಹಸಿಯಾಗಿತ್ತೇನೋ ಎಂದುಕೊಳ್ಳಬಹುದಿತ್ತು, ಆದರೆ ಅದು ಒಣಗಿ ಎರಡು ತಿಂಗಳಾಗಿತ್ತು. ಗುರುನಾಥ ಬಸಯ್ಯನವರ ಕಡೆ ನೋಡಿದ. ಅವರು ಮೇಜಿನ ಮೇಲೆ ಬಾಗಿ ಬೆರಳಿನಿಂದ ಏನನ್ನೋ ತಡಕುತ್ತಿದ್ದರು. ತಲೆ ಎತ್ತಲಿಲ್ಲ. ಒಂದು ಮಾತು ಆಡಲಿಲ್ಲ. ಊರೆಲ್ಲ ಅವರನ್ನು ಜಾತಿ ಹಿಡಿದು ಅಯ್ಯನವರು ಎನ್ನುತ್ತಿತ್ತು. ಗುರುನಾಥ ಒಬ್ಬ ಮಾತ್ರ ಮೊದಲ ದಿನದಿಂದ ಹುದ್ದೆ ಹಿಡಿದು ಸಾಹೇಬ್ರ ಎನ್ನುತ್ತಿದ್ದ, ಅವರೂ ಅದನ್ನು ಸರಿ ಎಂಬಂತೆ ಒಪ್ಪಿಕೊಂಡಿದ್ದರು. ಅಷ್ಟು ನಂಬಿದ್ದೆನಲ್ಲ ಎನ್ನಿಸಿತ್ತು ಅವತ್ತು ಮರಳಿ ಬರುವಾಗ. ಆ ಸಿಟ್ಟಿಗೆ ಬಾಯಿ ಇರಲಿಲ್ಲ. ಮೂರು ವಾರ ಕಾದು ಏಳನೆಯ ಅಂಕಿಯ ಕೆಳಗೆ ಬಾಯಿ ತೆರೆದಿತ್ತು.

ಆದರೂ, ಕಿತ್ತೂರಿನ ಸ್ಟ್ಯಾಂಡಿನಲ್ಲಿ ಇಳಿದು ನಡೆಯುತ್ತ, ಅವರನ್ನು ಮೊದಲು ಕಂಡ ದಿನವೇ ಕಣ್ಣ ಮುಂದೆ ಬಂತು. ಮಾಡಿಸಿದ ಹಲ್ಲಿನ ಬಣ್ಣ ಸರಿಯಿಲ್ಲವೆಂದು ಡಾಕ್ಟರನ್ನು ಬಿಟ್ಟು ನೇರ ಲ್ಯಾಬಿಗೇ ಬಂದಿದ್ದರು. "ಇದು ಹಾಲಿನ ಬಿಳೇದು ತಮ್ಮಾ. ನನ್ನ ಹಲ್ಲು ಜ್ವಾಳದ ಬಿಳೇದು. ತುದಿಗೆ ಒಂದಿಷ್ಟು ನೀಲಿ ಐತಿ, ಬಿಸಲಿಗೆ ಹಿಡದು ನೋಡು," ಎಂದಿದ್ದರು. ನೋಡಿದರೆ ನಿಜವಾಗಿ ನೀಲಿ ಇತ್ತು. ಹನ್ನೆರಡು ವರ್ಷ ಹಲ್ಲು ಮಾಡಿದ ತನ್ನ ಕಣ್ಣಿಗೆ ಬೀಳದ ನೀಲಿ. ಆಮೇಲೆ ಕಪಾಟಿನ ಮೇಲೆ ಅರ್ಧ ಬಳಿದು ಇಟ್ಟಿದ್ದ ಕುದುರೆ ಸವಾರನನ್ನು ನೋಡಿ ಮುದುಕರು ಹಲ್ಲನ್ನೇ ಮರೆತು ಕೂತುಬಿಟ್ಟಿದ್ದರು. ತನ್ನ ಈ ಹುಚ್ಚನ್ನು ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡಿದ್ದ ಗುರುನಾಥನಿಗೆ ಆ ದಿನ ಊರಲ್ಲಿ ತನ್ನದೊಂದು ಭಾಷೆ ಆಡುವ ಇನ್ನೊಬ್ಬ ಸಿಕ್ಕಂತಾಗಿತ್ತು.

ಸುಂದರವ್ವ ಬಾಗಿಲು ತೆಗೆದರು. "ಬರ್ರಿ, ಬರ್ರಿ. ಮುಂಜಾನಿಂದ ನಾಕ ಸಲ ಕೇಳ್ಯಾರ, ಬೈಲಹೊಂಗಲ ಬಸ್ಸ್ ಬಂತೇನ ಅಂತ. ಮ್ಯಾಲೆ ಕುಂತಾರ. ಊಟ ಆಗೈತಿಲ್ಲೋ ನಿಮ್ಮದು?" ಆಗಿದೆ ಎಂದು ಸುಳ್ಳು ಹೇಳಿದ. ಈ ಮನೆಯಲ್ಲಿ ಮೊದಲ ಸಲ ಚಹಾ ಕೊಟ್ಟಾಗ ತನ್ನ ಕಪ್ಪು ಬೇರೆಯೇ ಎಂದು ಅವನು ಓರೆಗಣ್ಣಿನಲ್ಲಿ ನೋಡಿದ್ದ. ಬೇರೆ ಇರಲಿಲ್ಲ. ಎರಡನೆಯ ಸಲವೂ, ಹತ್ತನೆಯ ಸಲವೂ ನೋಡಿದ್ದ. ಬೇರೆಯಿಲ್ಲದ ಕಪ್ಪನ್ನು ಪ್ರತಿಸಲ ನೋಡುವ ತನ್ನ ಕಣ್ಣಿನ ಬಗ್ಗೆಯೇ ನಾಚಿಕೆಯಾಗುತ್ತಿತ್ತು, ಆದರೆ ಕಣ್ಣು ಬಿಡುತ್ತಿರಲಿಲ್ಲ.

ಮೇಲಿನ ಕೋಣೆಯಲ್ಲಿ ಬಸಯ್ಯನವರು ಕಿಟಕಿಗೆ ಬೆನ್ನು ಮಾಡಿ ಕೂತಿದ್ದರು. ಮೆಟ್ಟಿಲು ಹತ್ತಿ ಬಂದ ಗುರುನಾಥ ಬಾಗಿಲಲ್ಲೇ ನಿಂತ. ಅವರು ಮುಖ ಎತ್ತಿ, ಅವನನ್ನಲ್ಲದೆ ಅವನ ಪಕ್ಕದ ಗೋಡೆಯನ್ನು ನೋಡುವವರಂತೆ, "ಗುರುನಾಥ ಏನು?" ಎಂದರು.

"ಹೌದ್ರಿ ಸಾಹೇಬ್ರ."

"ಕುಂಡ್ರು."

ಕೂತ. ರೆಕ್ಸಿನ್ನಿನ ತೂತಿನ ಮೇಲೆ ಮೊಣಕೈ ಊರಲು ಮನಸ್ಸಾಗಲಿಲ್ಲ. ಮೇಜಿನ ಮೇಲೆ ಅದೇ ತುಬಾಕಿಯವನು ನಿಂತಿದ್ದ, ಒಂದು ಕಣ್ಣು ಕೆನ್ನೆಯಲ್ಲಿ. ಇಷ್ಟು ಹತ್ತಿರದಿಂದ ನೋಡಿದರೆ ಅವನು ನಗೆಗೀಡಾದವನಂತೆ ಕಾಣಲಿಲ್ಲ. ಏಟು ತಿಂದವನಂತೆ ಕಂಡ.

"ಏಳನೇದು ನಂದು," ಎಂದರು ಬಸಯ್ಯನವರು.

ಈಗ ಆಶ್ಚರ್ಯಪಟ್ಟಂತೆ ಮಾಡಬಹುದಿತ್ತು. ಹೌದೇನ್ರಿ, ಯಾರೋ ಏನೋ ಬರೆದಿದ್ದರಲ್ಲ ಎನ್ನಬಹುದಿತ್ತು. ಆ ಮಾತು ನಾಲಿಗೆಯ ತನಕ ತಯಾರಾಗಿ ಬಂತು. ಗುರುನಾಥ ಅದನ್ನು ನುಂಗಿದ.

"ಗೊತ್ತಿತ್ರಿ. ಬರಿಯೂದಕಿಂತ ಮೊದಲ ಗೊತ್ತಿತ್ತು. ರೆಕ್ಸಿನ್ ಕಾಣತಿತ್ತು. ಗೊತ್ತಿದ್ದ ಬರದೇನ್ರಿ."

ಕೆಳಗೆ ಸುಂದರವ್ವ ಪಾತ್ರೆ ಇಟ್ಟ ಸದ್ದು. ಬಸಯ್ಯನವರು ತಲೆಯಾಡಿಸಿದರು, ಸರ್ವೇ ನಂಬರು ಸರಿಯಾಗಿ ಹೊಂದಿದಾಗ ಆಡಿಸುವಂತೆ. "ನೀನ ಅಂತ ನನಗೂ ಗೊತ್ತಿತ್ತು. ಮಾರ್ಜಿನ್ ಕುಂತಿಲ್ಲ ಅನ್ನೂ ಮಾತು ಹಲ್ಲ ಮಾಡಾಂವನ್ನ ಬಿಟ್ಟು ಯಾರು ಆಡ್ತಾರ? ಫೋನಿನ್ಯಾಗಿನ ಆ ಹೆಣ್ಣಮಗಳು ಓದಿ ಹೇಳಿದ್ಲು. ಆಕಿಗೆ ನಗಿ ಬರಂಗಿಲ್ಲ, ಅಳೂ ಬರಂಗಿಲ್ಲ. 'ಕಣ್ಣು ಮುಚ್ಚಿಕೊಂಡು ಬಳಿದ ಹಾಗಿದೆ' ಅಂದ್ಲು. ಆಮ್ಯಾಲೆ 'ನಗುವ ಮುಖ, ನಗುವ ಮುಖ' ಅಂತ ಹನ್ನೊಂದ ಸಲ ಅಂದ್ಲು. ಒಂದೂ ಬಿಡಲಿಲ್ಲ."

"ಓದಿ ಹೇಳಿದ್ಲು ಅಂದ್ರ?"

"ಅಂದ್ರ ನನಗ ಓದಾಕ ಬರಂಗಿಲ್ಲ ಈಗ, ಫೋನ ತಾನ ದನಿ ಮಾಡಿ ಓದತೈತಿ." ಅವರು ಕೈ ಎತ್ತಿ ಮುಖದ ಮುಂದೆ ಹಿಡಿದುಕೊಂಡರು. "ಕಣ್ಣಿನ ಪರದೆ ಸವದೈತಿ ಅಂದ್ರು ಹುಬ್ಬಳ್ಳ್ಯಾಗ. ನಟ್ಟನಡುವ ಮಸಿ ಮೆತ್ತಿದಂಗ. ಸುತ್ತಲಿಂದು ಕಾಣತೈತಿ. ಯಾರ ಮಾರಿ ನೋಡಾಕ ಹೋಗತೇನೋ ಆ ಮಾರಿನ ಇರಂಗಿಲ್ಲ. ನಿನ್ನ ಕಿವಿ ಕಾಣಾಕತ್ತೈತಿ, ನೀ ಕಾಣವಲ್ಲಿ. ಹೋದ ತಿಂಗಳ ಮಂದಿ ಬಂದಾಗ ನೀ 'ಹೆಂಗ ಅದಾವ್ರಿ' ಅಂತ ಕೇಳಿದಿ. ನಾ 'ಛಲೋ ಅದಾವ' ಅಂದೆ. ನೋಡೇ ಇರಲಿಲ್ಲ ತಮ್ಮಾ. ಜೀವನದಾಗ ಮೊದಲನೇ ಸಲ ನೋಡಲಾರದ್ದನ್ನ ನೋಡೇನಿ ಅಂದೆ."

ಗುರುನಾಥ ತುಬಾಕಿಯವನನ್ನು ನೋಡಿದ. ಕಣ್ಣು ಮುಚ್ಚಿಕೊಂಡು ಬಳಿದ ಹಾಗಿದೆ. ತಾನು ಅಷ್ಟು ಹಗುರಾಗಿ ಎಸೆದದ್ದು ಅಷ್ಟು ನೇರವಾಗಿ ಹೋಗಿ ತಾಗಿತ್ತು. "ತಪ್ಪಾತ್ರಿ," ಎಂದ. ಅದು ಬಸ್ಸಿನಲ್ಲಿ ಕಾಲು ತುಳಿದವನು ಅನ್ನುವ ಮಾತಿನಂತೆ ಕೇಳಿಸಿತು.

"ನಿಂದೊಂದ ತಪ್ಪಲ್ಲ," ಎಂದರು ಬಸಯ್ಯನವರು. ಬೆರಳುಗಳು ಕೋಟೆಯ ಗೋಡೆಯ ಮೇಲೆ ನಡೆಯುತ್ತಿದ್ದವು, ಬುರುಜಿಗೆ ಬಂದು ನಿಂತವು. "ವೀರಪ್ಪ ಅವತ್ತ ನಿನಗ ಓಣಿ ಕೇಳಿದ. ನಾ ಕೆಳಗ ನೋಡಾಕತ್ತಿದ್ದೆ, ಒಬ್ಬನ ಕೈಯಾಗಿನ ಕತ್ತಿ ಬಿದ್ದಿತ್ತು, ಸಿಗವಲ್ತಾಗಿತ್ತು. ಅದಕ್ಕ ಸುಮ್ಮನಿದ್ದೆ ಅಂತ ಹೇಳಬಹುದು ನಿನಗ. ನೀ ನಂಬತೀದಿ. ಆದ್ರ ಹೋಗಿರೂದು ಕಣ್ಣು, ಕಿವಿ ಅಲ್ಲ. ಯಾಕ ಕೇಳಾಕತ್ತಾನ ಅನ್ನೂದು ಗೊತ್ತಿತ್ತು. ಹೆಂಡತಿ ತಮ್ಮ, ಮನಿಗೆ ಬಂದಾನ, ಯಾಕ ಬೇಕು ಅಂತ ಸುಮ್ಮನ ಕುಂತೆ. ಅಂವ ಕೈ ಒರಸ್ಕೊಂಡನಂತ, ಅದನ್ನ ಆಮ್ಯಾಲೆ ಈಕಿ ಹೇಳಿದ್ಲು. ಈಕಿ ಮರದಿನಾನ ತಮ್ಮಗ ಫೋನ್ ಮಾಡಿ ಬೈದ್ಲು. ನಾ ಬೈಲಿಲ್ಲ. ಮೂವತ್ತಾರ ವರ್ಷ ಊರೂರಿನ ಬಾಂದ ಕಲ್ಲ ಸರಿ ಮಾಡೇನಿ. ನನ್ನ ಮೇಜಿನ ಮ್ಯಾಲಿಂದು ಮಾಡಾಕ ಆಗಲಿಲ್ಲ."

ಇದನ್ನು ಹೇಳಲು ಅವರಿಗೆ ಯಾರೂ ಒತ್ತಾಯ ಮಾಡಿರಲಿಲ್ಲ. ಬಿದ್ದ ಕತ್ತಿಯ ನೆಪ ಅವರ ಕೈಯಲ್ಲೇ ಇತ್ತು. ಅದನ್ನೂ ತಾವೇ ಎತ್ತಿ ತೋರಿಸಿ ಪಕ್ಕಕ್ಕಿಟ್ಟಿದ್ದರು. ಗುರುನಾಥ ತನ್ನೊಳಗೆ ಮೂರು ವಾರದಿಂದ ಗಟ್ಟಿಯಾಗಿ ನಿಂತದ್ದು ಕರಗುತ್ತದೆಯೇ ಎಂದು ನೋಡಿಕೊಂಡ. ಪೂರ್ತಿ ಕರಗಲಿಲ್ಲ. ವೀರಪ್ಪನ ಎರಡು ಬೆರಳು ಇನ್ನೂ ಅಲ್ಲೇ ಇದ್ದವು, ಬಹುಶಃ ಇರುತ್ತವೆ. ಆದರೆ ಎದುರಿಗಿದ್ದ ಮನುಷ್ಯ ಮೊದಲಿಗಿಂತ ದೊಡ್ಡವನಾಗಿ ಕಂಡ, ತಪ್ಪು ಮಾಡಿದ್ದೇನೆ ಎಂದ ಮೇಲೆ. ಹಾಗೆ ಅನ್ನುವವರನ್ನು ಅವನು ಹೆಚ್ಚು ನೋಡಿರಲಿಲ್ಲ. ತಾನೂ ಈಗಷ್ಟೇ ಒಮ್ಮೆ ಅಂದಿದ್ದ, ಅದೂ ಕಾಲು ತುಳಿದವನಂತೆ.

"ಮುಂದ ಬಳಿಯೂದು ಬಿಡ್ತೀರೇನ್ರಿ?" ಎಂದು ಕೇಳಿದ.

"ಯಾಕ ಬಿಡ್ಲಿ? ಬಿಡೂದಿದ್ರ ಇದನ್ನ ಕಳಸತಿದ್ನೇನು ಪಂದ್ಯಕ್ಕ?" ಬಸಯ್ಯನವರು ತುಬಾಕಿಯವನನ್ನು ಎತ್ತಿ ಹೆಬ್ಬೆರಳಿನಿಂದ ಅವನ ನಡುವನ್ನು ಸವರಿದರು. "ಅಂಚ ಸಿಗವಲ್ತು, ಅಷ್ಟ. ಬೆರಳ ದಪ್ಪ. ನಡುಕಟ್ಟ ಎಲ್ಲಿ ಮುಗೀತು, ಅಂಗಿ ಎಲ್ಲಿ ಶುರುವಾತು, ಬೆರಳಿಗೆ ಹತ್ತವಲ್ತು."

ಗುರುನಾಥ ಚೀಲದಿಂದ ಸಾಮಾನಿನ ಬಟ್ಟೆ ತೆಗೆದು ಬಿಚ್ಚಿದ. ಪ್ರೋಬನ್ನು ಅವರ ಬಲಗೈಯಲ್ಲಿಟ್ಟು, ಪೆನ್ನು ಹಿಡಿದಂತೆ ಹಿಡಿಸಿ, ತನ್ನ ಕೈಯನ್ನು ಅವರ ಕೈಯ ಮೇಲಿಟ್ಟ. ಆರು ವರ್ಷದಲ್ಲಿ ಅವರ ಕೈ ಮುಟ್ಟಿದ್ದು ಅದೇ ಮೊದಲಿರಬೇಕು. ಒಣಗಿದ, ಬೆಚ್ಚಗಿನ ಕೈ. "ಒತ್ತಬ್ಯಾಡ್ರಿ. ನೀವ ಹುಡಕಬ್ಯಾಡ್ರಿ, ಅದ ಹೇಳತೈತಿ. ಹಲ್ಲಿನ ಅಂಚನ್ನ ನಾವು ಕಣ್ಣಲೆ ನೋಡಂಗಿಲ್ರಿ, ಬಾಯಾಗ ಕತ್ತಲಿ ಇರತೈತಿ. ಇದರಲೇನ ಕೇಳೂದು." ಬಾಗಿದ ತುದಿ ಅಂಗಿಯ ಮೇಲೆ ಸರಿಯಿತು, ಸರಿಯಿತು, ನಡುಕಟ್ಟಿನ ಏರಿಗೆ ಬಂದು ಟಕ್ಕನೆ ನಿಂತಿತು. ಬಸಯ್ಯನವರ ಹುಬ್ಬು ಮೇಲೆ ಹೋಯಿತು. ಮತ್ತೊಮ್ಮೆ ಹಿಂದೆ ತಂದು ಸರಿಸಿದರು, ಮತ್ತೆ ಅಲ್ಲೇ ನಿಂತಿತು. "ಹಾಂ!" ಎಂದರು. ಗುರುನಾಥ ಕೈ ತೆಗೆದ. ಅವರು ತಾವೇ ನಡುಕಟ್ಟಿನ ಕೆಳಗಿನ ಅಂಚು ಹಿಡಿದು ಬೆನ್ನಿನ ತನಕ ಹೋದರು, ಗಂಟನ್ನು ಏರಿ ಇಳಿದರು, ಮುಂಗೈಗೆ ಬಂದರು, ಬೆರಳುಗಳನ್ನು ಎಣಿಸಿದರು. "ನಾಕ ಬೆರಳ ಮ್ಯಾಲೆ, ಒಂದ ಕುದುರಿ ಮ್ಯಾಲೆ," ಎಂದರು. ತುಬಾಕಿಯ ಕುದುರೆಯ, ಅಂದರೆ ಗುಂಡು ಹಾರಿಸುವ ಕೀಲಿನ, ಮೇಲೆ ತೋರುಬೆರಳಿದ್ದದ್ದು ಗುರುನಾಥನಿಗೆ ಗೊತ್ತಿರಲಿಲ್ಲ. ಅದೇ ಸೈನಿಕನನ್ನು ಅವನೂ ಎರಡು ವಾರ ಕೂತು ಬಳಿದಿದ್ದ, ಬೆರಳಿಗೆಲ್ಲ ಒಂದೇ ಬಣ್ಣ ಹಚ್ಚಿ ಮುಗಿಸಿದ್ದ. ಎಡಗೈಯಲ್ಲಿ ಪ್ರೋಬನ್ನು ಅಂಚಿಗೆ ಹಿಡಿದು, ಬಲಗೈಯಲ್ಲಿ ಬ್ರಶ್ಶನ್ನು ಅದಕ್ಕೆ ಆನಿಸಿ ಎಳೆಯಲು ಅವರಿಗೆ ಹತ್ತು ಸಲ ಬೇಕಾಯಿತು. ಹನ್ನೊಂದನೆಯ ಸಲ ಕೆಂಪು ಗೆರೆ ಅಂಚಿಗೆ ಹತ್ತಿಕೊಂಡೇ ಓಡಿತು. ಸುಂದರವ್ವ ಚಹಾ ತಂದವರು ಕಪ್ಪಿನ ಮೇಲೆ ಬಸಿ ಮುಚ್ಚಿ, ಮಾತಾಡಿಸದೆ ಇಟ್ಟು ಹೋದರು. ಆ ದಿನ ಗುರುನಾಥ ಕಪ್ಪನ್ನು ನೋಡಿದನೋ ಇಲ್ಲವೋ ಅವನಿಗೇ ನೆನಪಿಲ್ಲ.

ಐದಕ್ಕೆ ಫೋನು ಸದ್ದು ಮಾಡಿತು.

"ಬಂದ್ರು. ನೋಡು, ನೋಡು," ಎಂದರು ಬಸಯ್ಯನವರು, ಪ್ರೋಬನ್ನು ಪಕ್ಕಕ್ಕಿಟ್ಟು. "ಎಲ್ಲಾರೂ ಆನಿ ಬರತೈತಿ ಅಂತ ಕುಂತಾರ. ಬಂತೇನು ಆನಿ?"

ಆನೆ ಬಂದಿರಲಿಲ್ಲ. ಗುಂಪಿನಲ್ಲಿ ಆಗಲೇ ಗೊಣಗಾಟ ಶುರುವಾಗಿತ್ತು: ಇವರನ್ನ ತಗೊಂಡು ಯುದ್ಧ ಹೆಂಗ ಆಡೂದು, ಒಬ್ಬನ ಕೈಯಾಗೂ ಕತ್ತಿ ಇಲ್ಲ. ಗುರುನಾಥ ಚಿತ್ರಗಳನ್ನು ಒಂದೊಂದಾಗಿ ಸರಿಸಿದ. ದಂಡಿನ ಹಿಂದೆ ಹೋಗುವ ಮಂದಿ, ಐವರು. "ಒಂದು ಎತ್ತೈತ್ರಿ, ಎರಡೂ ಕಡೆ ನೀರಿನ ಚರ್ಮದ ಚೀಲ. ಬಾಜೂಕ ನೀರು ಹೊಡಿಯಾಂವ. ಎತ್ತಿನ ಬೆನ್ನ ತೊಯ್ದೈತಿ, ತೊಯ್ದಲ್ಲಿ ಕೂದಲ ಕೂಡ್ಯಾವ." ಬಸಯ್ಯನವರು ಕಣ್ಣು ಮುಚ್ಚಿದರು. "ಹುಲ್ಲಿನ ಹೊರಿ ಹೊತ್ತಾಕಿ ಒಬ್ಬಾಕಿ. ಹೊರಿ ಮಾರಿ ಮ್ಯಾಲೆ ಬಿದ್ದೈತಿ, ಬರೇ ಗದ್ದ ಕಾಣತೈತಿ. ಒಲಿ ಮುಂದ ರೊಟ್ಟಿ ಬಡಿಯಾಕಿ. ಕುದರಿಗೆ ಲಾಳ ಹೊಡಿಯಾಂವ, ಒಂದ ಮೊಳಿ ಕಿವಿ ಹಿಂದ ಸಿಗಿಸ್ಕೊಂಡಾನ." ಹೇಳುತ್ತ ಹೇಳುತ್ತ ಅವನ ಮಾತು ನಿಧಾನವಾಯಿತು. ಇಷ್ಟು ದಿನ ಅವನು ಹೊಸ ಮಂದಿಯನ್ನು ಕಣ್ಣಿನಿಂದ ಗುಳುಂ ಮಾಡುತ್ತಿದ್ದ. ಬಾಯಲ್ಲಿ ಹೇಳಬೇಕಾದರೆ ಪ್ರತಿಯೊಬ್ಬನ ಮುಂದೂ ನಿಲ್ಲಬೇಕಾಗಿತ್ತು. ಪುಣೆಯ ಯಾವುದೋ ಕೋಣೆಯಲ್ಲಿ ಹೆಸರು ಗೊತ್ತಿಲ್ಲದ ಒಬ್ಬ, ಎಲ್ಲರೂ ಆನೆ ಕೇಳುತ್ತಿರುವಾಗ, ರೊಟ್ಟಿಯ ಮೇಲೆ ಬೆರಳಿನ ಗುರುತು ಕೆತ್ತುತ್ತ ಕೂತಿದ್ದ.

"ನಾಕ ಆತು. ಐದನೇದಾಂವ?"

ಗುರುನಾಥ ಕೊನೆಯ ಚಿತ್ರಕ್ಕೆ ಬಂದ. ಐದನೆಯವನು ನೆಲದ ಮೇಲೆ ಕೂತು ಕುದುರೆಯ ಜೀನು ಹೊಲಿಯುತ್ತಿದ್ದ. ಸುತ್ತ ಚರ್ಮದ ತುಂಡು, ಉಳಿ, ನೀರಿನ ಕೊಪ್ಪರಿಗೆ. ತಲೆ ಬಗ್ಗಿಸಿದ್ದ, ಬಾಯಲ್ಲಿ ದಾರ. ಚಿತ್ರವನ್ನು ದೊಡ್ಡದು ಮಾಡಿದ. ದಾರ ಮುಂದಿನ ಎರಡು ಹಲ್ಲಿನ ನಡುವೆ ಇತ್ತು. ಉಗುರಿನಷ್ಟಿಲ್ಲದ ಮುಖದಲ್ಲಿ ಮಾಡಿದವನು ಹಲ್ಲು ಬಿಡಿಸಿದ್ದ. ಹಾಗೆ ಹಿಡಿದ ದಾರ ವರ್ಷಗಟ್ಟಲೆ ಹಾಯ್ದರೆ ಹಲ್ಲಿನ ತುದಿಯಲ್ಲಿ ಒಂದು ಕಚ್ಚು ಬೀಳುತ್ತದೆ. ಚರ್ಮ ಹೊಲಿಯುತ್ತಿದ್ದ ಗುರುನಾಥನ ಅಜ್ಜ ಬಾಳುವಿನ ಹಲ್ಲಿನಲ್ಲಿ ಇತ್ತು ಅದು. ತೊಡೆಯ ಮೇಲೆ ಕೂತ ಮಗುವಾಗಿದ್ದಾಗ ಗುರುನಾಥ ಆ ಕಚ್ಚಿನಲ್ಲಿ ಉಗುರು ತೂರಿಸುತ್ತಿದ್ದ. ಹಲ್ಲಿನ ಕೆಲಸ ಕಲಿಯಲು ಹೋದಾಗ ಅದಕ್ಕೊಂದು ಇಂಗ್ಲಿಷ್ ಹೆಸರಿದೆ ಎಂದು ತಿಳಿದಿತ್ತು, ಅಜ್ಜನ ಹೆಸರು ಮಾತ್ರ ತರಗತಿಯಲ್ಲಿ ಬಾಯಿಗೆ ಬಂದಿರಲಿಲ್ಲ. ಈಗ ಹೇಳಬೇಕೋ, ಬರೀ 'ಜೀನು ರಿಪೇರಿ ಮಾಡುವವ' ಎಂದು ಮುಂದೆ ಹೋಗಬೇಕೋ ಎಂದು ಒಂದು ಕ್ಷಣ ತೂಗಿದ. ತೂಗುವ ತನ್ನನ್ನು ಕಂಡು ನಗು ಬಂತು.

"ಜೀನ ಹೊಲಿಯಾಂವ್ರಿ," ಎಂದ. "ನಮ್ಮಂವ. ನಮ್ಮಜ್ಜ ಹಿಂಗ ಕುಂಡ್ರತಿದ್ದ. ಹಲ್ಲಾಗ ದಾರ ಹಿಡದಾನ್ರಿ ಸಾಹೇಬ್ರ, ಹಲ್ಲ ಕಾಣತಾವ. ಇಷ್ಟ ಸಣ್ಣ ಬಾಯಾಗ ಹಲ್ಲ ಮಾಡೂದು ನನ್ನ ಕೈಲೆ ಆಗಂಗಿಲ್ರಿ. ಖರೇನ ಹೇಳತೇನಿ, ಇಷ್ಟ ಛಲೋ ಹಲ್ಲ ನಾ ಮಾಡೇ ಇಲ್ಲ."

ಬಸಯ್ಯನವರು ಕುರ್ಚಿಗೆ ಒರಗಿದರು. ಮುಚ್ಚಿದ ರೆಪ್ಪೆಗಳ ಕೆಳಗೆ ಗುಡ್ಡೆಗಳು ಅತ್ತಿತ್ತ ಆಡುತ್ತಿದ್ದವು, ಕತ್ತಲಲ್ಲಿ ಏನನ್ನು ಎಲ್ಲೆಲ್ಲಿ ಇಡಬೇಕೆಂದು ನೋಡಿಕೊಳ್ಳುವವರಂತೆ. ಕೆಳಗಿನ ಬೀದಿಯಲ್ಲಿ ಯಾರದೋ ಎಮ್ಮೆ ಹಾಯ್ದುಹೋಯಿತು.

"ಎಲ್ಲಿ ನೋಡಾಕತ್ತಾನ ಅಂವ?"

"ಕೆಲಸದ ಕಡೆ ರೀ. ಬ್ಯಾರೆ ಎಲ್ಲೂ ಇಲ್ಲ."

"ಹಾಂ." ಅವರು ಕುರ್ಚಿಯಲ್ಲಿ ಸರಿದು ನೆಟ್ಟಗೆ ಕೂತರು, ಎರಡೂ ಕೈ ಮಡಿಲಲ್ಲಿಟ್ಟುಕೊಂಡರು. "ಇನ್ನೊಮ್ಮೆ ಹೇಳು ಅವನ್ನ. ಅವನೊಬ್ಬನ್ನ. ಅವಸರ ಮಾಡಬ್ಯಾಡ. ಪಾದದಿಂದ ಹಿಡಿ."

ಗುರುನಾಥ ಎರಡು ಬೆರಳು ಅಗಲಿಸಿ ಚಿತ್ರವನ್ನು ಇನ್ನೂ ದೊಡ್ಡದು ಮಾಡಿದ. ಮುಖ ಮೇಲಕ್ಕೆ ಸರಿದು ಹೋಯಿತು, ಮೊಣಕಾಲು ಬಂತು, ಧೂಳು ಮೆತ್ತಿದ ಹಿಮ್ಮಡಿ ಬಂತು.

"ಎಡಗಾಲ ಮಡಚಿ ಕುಂತಾನ್ರಿ," ಎಂದು ಶುರು ಮಾಡಿದ. "ಬಲಗಾಲ ಮುಂದ ಚಾಚ್ಯಾನ. ಹೆಬ್ಬೆರಳಿಗೂ ಬಾಜೂಕಿನ ಬೆರಳಿಗೂ ನಡುವ..." ಅಲ್ಲಿ ನಿಂತ. ಮೊದಲ ಸಲ ನೋಡಿದಾಗ ಇದು ಕಣ್ಣಿಗೇ ಬಿದ್ದಿರಲಿಲ್ಲ. "ನಡುವ ಚರ್ಮದ ಪಟ್ಟಿ ಹಿಡದಾನ್ರಿ. ಬಿಗಿ ಹಿಡದಾನ. ಕಾಲಿನ ನರ ಎದ್ದಾವ."